ಸೈಟುಗಳು ನೂರಾರು, ಮನೆಗಳು ಬೆರಳೆಣಿಕೆ: ಕೆಂಗೇರಿ ಆಚೆಯ ಲೇಔಟ್ ವಾಸ ಹೇಗಿದೆ?

ಚಲ್ಲಘಟ್ಟ ಮೆಟ್ರೊ ನಿಲ್ದಾಣದಿಂದ ಐದಾರು ಕಿಲೋಮೀಟರ್ ಒಳಗೆ, ರಾಮೋಹಳ್ಳಿ ದಿಕ್ಕಿನಲ್ಲಿ, ಗ್ರಾಮ ಪಂಚಾಯಿತಿಗೆ ಸೇರಿದ ಒಂದು ಖಾಸಗಿ ಲೇಔಟ್‌ನಲ್ಲಿ 2021ರಿಂದ ಇದ್ದೇವೆ. 30x40 ಸೈಟು, ಸ್ವಂತ ಮನೆ. ಈ ಕಡೆ ಸೈಟ್ ಮಾರುವವರ ಜಾಹೀರಾತಿಗೆ ಬರವಿಲ್ಲ. ಇದ್ದು ನೋಡಿದವರ ಮಾತು ಕಡಿಮೆ. ಅದಕ್ಕೇ ಬರೆಯುತ್ತಿದ್ದೇನೆ. ಲೇಔಟ್ ಹೆಸರು ಹೇಳುವುದಿಲ್ಲ, ಅಕ್ಕಪಕ್ಕದವುಗಳ ಕತೆಯೂ ಹೆಚ್ಚುಕಡಿಮೆ ಇದೇ.

ಇಲ್ಲಿ ಸೈಟುಗಳೆಲ್ಲ ಎಂದೋ ಮಾರಾಟವಾಗಿವೆ. ಮನೆ ಎದ್ದಿರುವುದು ಹತ್ತಕ್ಕೊಂದು ಇದ್ದರೆ ಹೆಚ್ಚು. ಉಳಿದ ಕಡೆ ಮೂಲೆಗಲ್ಲು, ತಂತಿಬೇಲಿ, 'ಈ ನಿವೇಶನ ಮಾರಾಟಕ್ಕಿಲ್ಲ' ಅನ್ನುವ ಬೋರ್ಡು, ಅದರ ಕೆಳಗೆ ಫೋನ್ ನಂಬರು. (ಮಾರಾಟಕ್ಕಿಲ್ಲ ಅಂದಮೇಲೆ ನಂಬರ್ ಯಾಕೋ!) ಮಾಲೀಕರು ವರ್ಷಕ್ಕೊಮ್ಮೆ ಭಾನುವಾರ ಬರುತ್ತಾರೆ. ಜೆಸಿಬಿ ಕರೆಸಿ ಗಿಡಗಂಟಿ ತೆಗೆಸುತ್ತಾರೆ, ಫೋಟೊ ಹಿಡಿದುಕೊಂಡು ಹೋಗುತ್ತಾರೆ. ಮುಂದಿನ ಮಳೆಗೆ ಪಾರ್ಥೇನಿಯಂ ಮತ್ತೆ ಎದೆಯೆತ್ತರ.

ಇಷ್ಟು ವರ್ಷದಲ್ಲಿ ನನಗೆ ಅನ್ನಿಸಿದ್ದು ಇದು: ನೀರು, ಕರೆಂಟು ಇವೆಲ್ಲ ದುಡ್ಡು ಹಾಕಿ ಸರಿ ಮಾಡಿಕೊಳ್ಳಬಹುದಾದ ತೊಂದರೆಗಳು. ಜನ ಇಲ್ಲದೆ ಬರುವ ತೊಂದರೆಗೆ ದುಡ್ಡು ಕೆಲಸಕ್ಕೆ ಬರುವುದಿಲ್ಲ.

ಮೊದಲು ನೀರು. 2007ರಲ್ಲಿ ಬೆಂಗಳೂರಿಗೆ ಸೇರಿದ 110 ಹಳ್ಳಿಗಳಿಗೆ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಬಂತು. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯೂ ಆಯಿತು. ನಾವು ಆ ಗೆರೆಯಿಂದ ಆಚೆ. ನಮಗೆ ಲೇಔಟಿನ ಬೋರ್‌ವೆಲ್ಲೇ ಗತಿ. 2024ರ ಬೇಸಿಗೆಯಲ್ಲಿ ಅದು ಬರೀ ಗಾಳಿ ಎಳೆಯತೊಡಗಿತು. ಆಗ ಜಿಲ್ಲಾಡಳಿತ ಟ್ಯಾಂಕರ್‌ಗೆ ದರ ನಿಗದಿ ಮಾಡಿತ್ತು. ಐದು ಕಿಲೋಮೀಟರ್ ಒಳಗೆ 12 ಸಾವಿರ ಲೀಟರ್‌ಗೆ 1,000 ರೂಪಾಯಿ, ಹತ್ತು ಕಿಲೋಮೀಟರ್ ತನಕ 1,200. ನಾವು ಆ ದರ ಹೇಳಿದಾಗ ಟ್ಯಾಂಕರ್‌ನವನು 'ಆಯ್ತು ಸಾರ್' ಅಂದ. ಬರಲಿಲ್ಲ. ಹತ್ತು ಮನೆ ಇರುವ ರಸ್ತೆ ಬಿಟ್ಟು ಒಂದು ಮನೆಗೋಸ್ಕರ ಇಷ್ಟು ಒಳಗೆ ಬರಲು ಅವನಿಗೆ ಗಿಟ್ಟಬೇಕಲ್ಲ.

ಆಮೇಲೆ ಮಳೆನೀರಿನ ವ್ಯವಸ್ಥೆ ಮಾಡಿಸಿದೆವು. ಇಡೀ ಮನೆಯಲ್ಲಿ ನಾನು ಕಣ್ಣುಮುಚ್ಚಿ ಶಿಫಾರಸು ಮಾಡುವುದು ಇದೊಂದೇ. ಲೆಕ್ಕ ಸುಲಭ. ಒಂದು ಚದರ ಮೀಟರ್ ತಾರಸಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಆಸುಪಾಸು ಬೀಳುತ್ತದೆ. ನಮ್ಮ ತಾರಸಿ 900 ಚದರಡಿ, ಅಂದರೆ ಸುಮಾರು 84 ಚದರ ಮೀಟರ್. ಗುಣಿಸಿದರೆ 80 ಸಾವಿರ ಲೀಟರ್. ಅಷ್ಟೂ ಕೈಗೆ ಸಿಗುವುದಿಲ್ಲ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಸಂಪ್ ತುಂಬಿ ಹರಿದು ಹೋಗುತ್ತದೆ. ಮನೆ ಕಟ್ಟುವಾಗಲೇ ಸಂಪ್ ದೊಡ್ಡದು ತೋಡಿಸಿ. ವಿಜಯನಗರದಲ್ಲಿ ಎ.ಆರ್. ಶಿವಕುಮಾರ್ ಅವರು 1995ರಿಂದ ನಗರದ ನೀರಿನ ಸಂಪರ್ಕವೇ ಇಲ್ಲದೆ ಮಳೆನೀರಿನಲ್ಲಿ ಸಂಸಾರ ನಡೆಸಿ ತೋರಿಸಿದ್ದಾರೆ. ನಾವು ಆ ಮಟ್ಟಕ್ಕೆ ಹೋಗಿಲ್ಲ. ಆದರೂ ಮಳೆಗಾಲದಲ್ಲಿ ಟ್ಯಾಂಕರ್‌ನವನ ನಂಬರ್ ಹುಡುಕುವುದು ತಪ್ಪಿದೆ.

ಕರೆಂಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಲೈನು ನೀಲಗಿರಿ ತೋಪಿನ ನಡುವೆ ಬರುತ್ತದೆ, ಗಾಳಿ ಬೀಸಿದರೆ ಹೋಗುತ್ತದೆ. ಇನ್ವರ್ಟರ್ ಇಟ್ಟುಕೊಳ್ಳಿ.

ಈಗ ಜನರ ವಿಷಯ. ನಮ್ಮ ಮೂಲೆಯಲ್ಲಿ ಒಬ್ಬರು ದಿನಸಿ ಅಂಗಡಿ ಇಟ್ಟರು, ವರ್ಷ ತುಂಬುವ ಮೊದಲೇ ಮುಚ್ಚಿದರು. ಪಾಪ, ಯಾರಿಗೆ ಮಾರುತ್ತಾರೆ? ಕರಿಬೇವು ಬೇಕಾದರೂ ಹಳ್ಳಿಯೊಳಗೆ ಹೋಗಬೇಕು, ದೊಡ್ಡ ಸಾಮಾನಿಗೆ ಕೆಂಗೇರಿ ಉಪನಗರ. ಪೇಪರ್ ಹಾಕುವ ಹುಡುಗ 'ಒಂದು ರೋಡಿಗೆ ಒಂದು ಪೇಪರ್ ಆದ್ರೆ ಪೆಟ್ರೋಲ್ ಖರ್ಚೂ ಹುಟ್ಟಲ್ಲ' ಎಂದು ನೇರವಾಗಿ ಹೇಳಿದ. ಆಟೊದವರು ಹಗಲಲ್ಲೇ ಮೀಟರಿನ ಒಂದೂವರೆ ಪಟ್ಟು ಕೇಳುತ್ತಾರೆ, ವಾಪಸ್ ಖಾಲಿ ಬರಬೇಕಲ್ಲ ಅಂತ. ತಪ್ಪು ಅನ್ನುವುದು ಹೇಗೆ? ರಾತ್ರಿ ಹೊತ್ತು ಎಲ್ಲಿಂದಲೋ ಟ್ರ್ಯಾಕ್ಟರ್ ಬಂದು ಒಡೆದ ಕಟ್ಟಡದ ಮಣ್ಣು-ಇಟ್ಟಿಗೆ ಖಾಲಿ ಸೈಟಿಗೆ ಸುರಿದು ಹೋಗುತ್ತದೆ. ಕೇಳುವವರಿಲ್ಲ ಅಂತ ಅವರಿಗೂ ಗೊತ್ತು.

ನಮ್ಮ ನಿಜವಾದ ನೆರೆಹೊರೆ ಅಂದರೆ ಅರ್ಧ ಕಟ್ಟಿದ ಮನೆಗಳಲ್ಲಿ ಕಾವಲಿಗಿರುವ ಯಾದಗಿರಿ, ಕಲಬುರಗಿ ಕಡೆಯ ಕುಟುಂಬಗಳು. ಅಮ್ಮನಿಗೆ ಸಂಜೆ ಮಾತಿಗೆ ಸಿಗುವವರು ಅವರೇ. ಜೋಳದ ರೊಟ್ಟಿ ಈ ಕಡೆ ಬರುತ್ತದೆ, ಮುದ್ದೆ-ಬಸ್ಸಾರು ಆ ಕಡೆ ಹೋಗುತ್ತದೆ. ಆದರೆ ಮನೆ ಮುಗಿದ ಕೂಡಲೇ ಅವರು ಶೆಡ್ ಬಿಚ್ಚಿಕೊಂಡು ಬೇರೆ ಕಡೆ ಹೋಗಬೇಕು. ಗೃಹಪ್ರವೇಶದ ಮರುದಿನ ಮಾಲೀಕರೂ ಬೀಗ ಹಾಕಿ ನಗರದೊಳಗಿನ ಮನೆಗೆ ಹೊರಡುತ್ತಾರೆ. ಹಾಗಾಗಿ ನಮ್ಮ ರಸ್ತೆಯಲ್ಲಿ ಮನೆ ಹೆಚ್ಚಾದಂತೆ ಜನ ಕಡಿಮೆಯಾಗಿದ್ದಾರೆ!

ಮೆಟ್ರೊಗೆ ಪೂರ್ತಿ ಅಂಕ. ನಾವು ಬಂದ ವರ್ಷವೇ ಆಗಸ್ಟ್‌ನಲ್ಲಿ ಕೆಂಗೇರಿವರೆಗೆ ಬಂತು, 2023ರ ಅಕ್ಟೋಬರ್ 9ಕ್ಕೆ ಚಲ್ಲಘಟ್ಟಕ್ಕೆ. ಅಲ್ಲಿಂದ ಮುಕ್ಕಾಲು ಗಂಟೆಯೊಳಗೆ ಮೆಜೆಸ್ಟಿಕ್. ಮೊದಲ ನಿಲ್ದಾಣ, ಹಾಗಾಗಿ ಸೀಟು ಗ್ಯಾರಂಟಿ. 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದಾಗ ವೈಟ್‌ಫೀಲ್ಡ್ ತನಕ ಹೋಗುವ ನನ್ನಂಥವರಿಗೆ ಬಿಸಿ ತಟ್ಟಿತು, ನಿಜ. ಆದರೆ ದಿನದ ತಲೆನೋವು ಅದಲ್ಲ, ಮನೆಯಿಂದ ನಿಲ್ದಾಣದ ಆ ಐದಾರು ಕಿಲೋಮೀಟರ್. ಸ್ಕೂಟರ್ ಓಡಿಸಲು ಬಾರದಿದ್ದರೆ ಇಲ್ಲಿ ಬದುಕು ಕಷ್ಟ.

ಒಳ್ಳೆಯದೇ ಇಲ್ವಾ ಅಂದರೆ, ಖಂಡಿತ ಇದೆ. ಹಳ್ಳಿ ಡೈರಿಗೆ ಹಾಲು ಹಾಕುವ ಮನೆಯಿಂದಲೇ ನಮಗೂ ಹಾಲು. ಪಕ್ಕದಲ್ಲಿ ಇನ್ನೂ ರಾಗಿ ಹೊಲ, ಬೆಳಿಗ್ಗೆ ನವಿಲು. ರಾತ್ರಿ ಫ್ಯಾನ್ ಬೇಡದ ದಿನಗಳೇ ಜಾಸ್ತಿ. ಕೇರೆ ಹಾವು ಮನೆಯವರ ಹಾಗೆ ಓಡಾಡುತ್ತದೆ, ಅದು ಒಳ್ಳೆಯದೋ ಕೆಟ್ಟದ್ದೋ ನೀವೇ ತೀರ್ಮಾನಿಸಿ. ದೊಡ್ಡ ಆಲದ ಮರ ಹತ್ತಿರ. ಭಾನುವಾರ ಮಾತ್ರ ಆ ರಸ್ತೆಗೆ ಇಳಿಯಬೇಡಿ, ಇಡೀ ಬೆಂಗಳೂರು ಅಲ್ಲೇ ಇರುತ್ತದೆ.

ಐದಕ್ಕೆ ಮೂರು ಕೊಡುತ್ತೇನೆ. ವಯಸ್ಸಾದವರು, ಶಾಲೆಗೆ ಹೋಗುವ ಮಕ್ಕಳು ಇರುವ ಮನೆಗಾದರೆ ಎರಡು. ಕೊಳ್ಳುವ ಮುನ್ನ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ಫಾರಂ 9 ಮತ್ತು 11ಎ ಇದೆಯಾ ನೋಡಿ. ಬರೀ 11ಬಿ (ಸರಿಯಾದ ಅನುಮೋದನೆ ಇಲ್ಲದ ಆಸ್ತಿಗೆ ಕೊಡುವುದು) ತೋರಿಸಿದರೆ, ಸಾಲ ಸಿಗುತ್ತದಾ ಅಂತ ಮುಂಗಡ ಕೊಡುವ ಮೊದಲೇ ಬ್ಯಾಂಕಿನವರನ್ನು ಕೇಳಿ. ಸೈಟ್ ತೋರಿಸುವವರು ಭಾನುವಾರ ಬೆಳಿಗ್ಗೆಯೇ ಕರೆದುಕೊಂಡು ಬರುತ್ತಾರೆ. ನೀವು ಇನ್ನೊಮ್ಮೆ ವಾರದ ನಡುವೆ ರಾತ್ರಿ ಎಂಟಕ್ಕೆ ಒಬ್ಬರೇ ಬನ್ನಿ, ಎಷ್ಟು ಮನೆಯಲ್ಲಿ ದೀಪ ಉರಿಯುತ್ತಿದೆ ಎಣಿಸಿ. ಇನ್ನೂ ಅನುಮಾನ ಇದ್ದರೆ ಮಾರ್ಚ್‌ನಿಂದ ಮೇವರೆಗೆ ಬಾಡಿಗೆಗೆ ಇದ್ದು ನೋಡಿ. ಬೀಗ ಹಾಕಿದ ಹೊಸ ಮನೆಗಳು ಬೇಕಾದಷ್ಟಿವೆ, ಬಾಡಿಗೆಯೂ ಊರೊಳಗಿನಷ್ಟಿಲ್ಲ.