ಕಾಂಡೋಮೋ, ಮಾತ್ರೆಯೋ?

ಮಂಜೇಶ್ವರ, ಬದಿಯಡ್ಕದ ಕಡೆಯ ನವದಂಪತಿಗಳು ಕೇಳಲು ಸಂಕೋಚಪಡುವ ಈ ಪ್ರಶ್ನೆಗೆ ನೇರವಾದ ಉತ್ತರ ಸಿಗಬೇಕು. ದಿನವೂ ತಪ್ಪದೆ ನುಂಗಿದರೆ ಗರ್ಭನಿರೋಧಕ ಮಾತ್ರೆ ವಿಫಲವಾಗುವುದು ವರ್ಷಕ್ಕೆ ನೂರರಲ್ಲಿ ಒಬ್ಬರಿಗಿಂತಲೂ ಕಡಿಮೆ ಮಹಿಳೆಯರಲ್ಲಿ. ಮರೆವೂ ಸೇರಿದ ನಿತ್ಯದ ಬಳಕೆಯಲ್ಲಿ ಸುಮಾರು 7 ಮಂದಿಯಲ್ಲಿ. ಕಾಂಡೋಮಿಗೆ ಈ ಲೆಕ್ಕ ಕ್ರಮವಾಗಿ 2 ಮತ್ತು 13. ಆದರೆ ಎಚ್‌ಐವಿ, ಗೊನೋರಿಯಾದಂತಹ ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕುಗಳಿಂದ ಮಾತ್ರೆ ಕಿಂಚಿತ್ತೂ ಕಾಪಾಡುವುದಿಲ್ಲ, ಕಾಂಡೋಮ್ ಬಹುಮಟ್ಟಿಗೆ ಕಾಪಾಡುತ್ತದೆ. ಆದ್ದರಿಂದ ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳುವವರೆಗೆ ಕಾಂಡೋಮನ್ನು ಬಿಡಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ನಮ್ಮ ಮನೆಗಳಲ್ಲಿ ಸದಾ ಕೈಗೆಟಕುವ ತೆಂಗಿನೆಣ್ಣೆಯನ್ನು ಅದರೊಂದಿಗೆ ಬಳಸಲೇಬೇಡಿ, ಎಣ್ಣೆ ತಾಗಿದ ಲ್ಯಾಟೆಕ್ಸ್ (ಕಾಂಡೋಮಿನ ತೆಳುವಾದ ರಬ್ಬರು) ಬೇಗನೆ ಹರಿದುಹೋಗುತ್ತದೆ. ರಕ್ತದೊತ್ತಡವಿರುವವರು, ಎದೆಹಾಲುಣಿಸುವ ತಾಯಂದಿರು ವೈದ್ಯರನ್ನು ವಿಚಾರಿಸಿಯೇ ಮಾತ್ರೆ ಆರಂಭಿಸಬೇಕು. ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಇವೆರಡೂ ಉಚಿತ.