ಡ್ರಮ್ ಬ್ರೇಕ್ ಲೈನರ್: ಅರದಲ್ಲಿ ಉಜ್ಜೋದಾ, ಲೇತಿಗೆ ಕೊಡೋದಾ?

ನನ್ನ ಹಳೇ ಬೈಕಿನ ಮುಂದಿನ ಚಕ್ರದಲ್ಲಿರುವುದು 7 ಇಂಚಿನ ಡ್ರಮ್, ಅಂದರೆ ಚಕ್ರದ ಜೊತೆ ತಿರುಗುವ ಬಟ್ಟಲು. ಬ್ರೇಕ್ ಒತ್ತಿದಾಗ ಒಳಗಿನ ಎರಡು ಕಮಾನುಗಳು (ಶೂ) ಅಗಲಿ, ಅವುಗಳ ಮೇಲಿನ ಉಜ್ಜುವ ಪಟ್ಟಿ (ಲೈನರ್) ಡ್ರಮ್ಮಿಗೆ ತಾಗುತ್ತದೆ. ಅದಕ್ಕೆ ಲೈನರ್ ಕೂರಿಸುವ ಮೂರು ದಾರಿಗಳನ್ನು ಒಂದಾದ ಮೇಲೊಂದು ಮಾಡಿ ನೋಡಿದ್ದೇನೆ.

ಮೊದಲು ರೆಡಿಮೇಡ್ ಶೂ. ಅರ್ಧ ಗಂಟೆಯಲ್ಲಿ ಕೆಲಸ ಮುಗೀತು. ಆದರೆ ಲಿವರ್ ಒತ್ತಿದರೆ ಸ್ಪಂಜು ಹಿಂಡಿದ ಹಾಗೆ. 100 ಕಿಲೋಮೀಟರ್ ಓಡಿಸಿ ಬಿಚ್ಚಿ ನೋಡಿದೆ. ಲೈನರಿನ ಎರಡೂ ತುದಿಯಲ್ಲಿ ಎರಡು ಬೆರಳಗಲ ಹೊಳಪು, ನಡುವೆಲ್ಲ ಹೊಸದರಂತೆ ಮಂಕು. ತುದಿಗಳಷ್ಟೇ ತಾಗಿದರೆ ಶೂ ನಡುವೆ ಬಾಗುತ್ತದೆ. ಕೈ ಹಾಕಿದ ಬಲವೆಲ್ಲ ಅಲ್ಲೇ ಖರ್ಚು.

ಎರಡನೆಯದು ಸೀಮೆಸುಣ್ಣ ಮತ್ತು ಅರ. ಡ್ರಮ್ಮಿನ ಒಳಗೆ ಸೀಮೆಸುಣ್ಣ ಬಳಿದು, ಬ್ರೇಕನ್ನು ಹಗುರವಾಗಿ ಒತ್ತಿ ಚಕ್ರ ತಿರುಗಿಸಬೇಕು. ಬಿಚ್ಚಿದಾಗ ಲೈನರ್ ಮೇಲೆ ಬೆಳ್ಳಗಾದ ಜಾಗವೇ ಉಬ್ಬು. ಅಷ್ಟನ್ನು ಮಾತ್ರ ಉಜ್ಜಿ, ಮತ್ತೆ ಜೋಡಿಸಿ, ಮತ್ತೆ ತಿರುಗಿಸಬೇಕು. ನನಗೆ ಎಂಟು ಸಲ ಬೇಕಾಯಿತು. ಮುಕ್ಕಾಲು ಭಾಗ ತಾಗುವಂತಾದಾಗ ಬ್ರೇಕು ಬೇರೆಯೇ ಆಗಿತ್ತು. ಆದರೂ ನಿಧಾನಕ್ಕೆ ನಿಲ್ಲಿಸುವಾಗ ಲಿವರ್ ಕೈಯಲ್ಲಿ ಮಿಡಿಯುತ್ತಿತ್ತು. ಡ್ರಮ್ಮೇ ದುಂಡಗಿಲ್ಲದಿದ್ದರೆ ಅರ ಏನು ಮಾಡೀತು?

ಅದಕ್ಕೇ ಮೂರನೆಯದಕ್ಕೆ ಇಳಿದೆ. ಮೊದಲು ಡ್ರಮ್ಮನ್ನು ಲೇತಿನಲ್ಲಿ (ತಿರುಗಿಸಿ ಕೊರೆಯುವ ಯಂತ್ರ) ತೆಳುವಾಗಿ ಸವರಿಸಿದೆ, ಚಕ್ರದ ಸಮೇತ. ಕಡ್ಡಿಗಳ ಬಿಗಿತ ಡ್ರಮ್ಮನ್ನು ಸ್ವಲ್ಪ ಎಳೆದಿರುತ್ತದೆ. ಬರೀ ಹಬ್ಬನ್ನು (ಚಕ್ರದ ನಡುವಿನ ಭಾಗ) ಸವರಿ ಆಮೇಲೆ ಕಡ್ಡಿ ಕಟ್ಟಿದರೆ ಮತ್ತೆ ಸೊಟ್ಟ. ಆಮೇಲೆ ಶೂಗಳಿಗೆ ದಪ್ಪ ಲೈನರ್ ಹಾಕಿ, ಅದೇ ಬೈಕಿನ ಬ್ರೇಕ್ ಪ್ಲೇಟಿನ (ಶೂಗಳು ಕೂರುವ ತಟ್ಟೆ) ಮೇಲೆ ಸ್ಪ್ರಿಂಗ್ ಸಮೇತ ಜೋಡಿಸಿದೆ. ಕ್ಯಾಮ್ (ಶೂಗಳನ್ನು ಅಗಲಿಸುವ ತುಂಡು) ಮತ್ತು ಶೂ ನಡುವೆ ಎರಡೂ ಕಡೆ 0.5 ಮಿ.ಮೀ. ತಗಡಿನ ಚೂರು. ಅಂದರೆ ಬ್ರೇಕ್ ಸ್ವಲ್ಪ ಹಿಡಿದ ಸ್ಥಿತಿ. ಆ ಸ್ಥಿತಿಯಲ್ಲಿ ಲೈನರನ್ನು ಡ್ರಮ್ಮಿನ ಅಳತೆಗೇ ಕೊರೆದು, ತಗಡು ತೆಗೆದರೆ ಲೈನರಿಗೂ ಡ್ರಮ್ಮಿಗೂ ನಡುವೆ ಬೇಕಾದ ಸಂದು ತಾನಾಗಿ ಸಿಗುತ್ತದೆ. ಎರಡು ಶೂಗಳ ನಡುವಿನ ಖಾಲಿ ಜಾಗ ದಾಟುವಾಗ ಟೂಲ್ ಲೈನರಿನ ಅಂಚನ್ನು ಟಕ್ ಟಕ್ ಎಂದು ಬಡಿಯುತ್ತದೆ. ಅವಸರ ಮಾಡಿದರೆ ಅಂಚು ಕಿತ್ತು ಬರುತ್ತದೆ, ಹಾಗಾಗಿ ಕಡಿಮೆ ವೇಗ, ತೆಳು ಕಟ್. ಬಿಚ್ಚುವ ಮೊದಲು ಶೂಗಳಿಗೆ ಒಂದು ಚುಕ್ಕೆ, ಎರಡು ಚುಕ್ಕೆ ಪಂಚ್ ಹೊಡೆದೆ. ಅದಲುಬದಲಾದರೆ ಪಟ್ಟ ಶ್ರಮವೆಲ್ಲ ನೀರಲ್ಲಿ ಹೋಮ.

ಮೊದಲ ತಿರುವಿನಲ್ಲೇ ಗೊತ್ತಾಯಿತು. ಲಿವರ್ ಒಂದು ಹಂತಕ್ಕೆ ಬಂದು ಗಟ್ಟಿಯಾಗಿ ನಿಂತಿತು, ಮಿಡಿತ ಇಲ್ಲ. ಮುಂದಿನ ಚಕ್ರದ ಬ್ರೇಕಿಗೆ ನಾನು ಇನ್ನು ಬೇರೆ ದಾರಿ ಹಿಡಿಯುವುದಿಲ್ಲ. ಹಿಂದಿನದಕ್ಕೆ ಡ್ರಮ್ ದುಂಡಗಿದ್ದರೆ ಸೀಮೆಸುಣ್ಣವೇ ಸಾಕು.

ಲೈನರನ್ನು ಶೂಗೆ ಕೂರಿಸಲು ರಿವೆಟ್ಟಾ, ಅಂಟಾ? ಎರಡನ್ನೂ ಬಳಸಿದ್ದೇನೆ. ಅಂಟಿಸಿದ್ದು ಜಾಸ್ತಿ ದಿನ ಬಾಳಬಹುದು, ರಿವೆಟ್ ತಲೆ ಡ್ರಮ್ಮಿಗೆ ಗೀರು ಹಾಕುವ ಭಯವಿಲ್ಲ. ಆದರೆ ಅದನ್ನು ಬಿಗಿಯಾಗಿ ಒತ್ತಿ ಹಿಡಿದು ಬಿಸಿಯಲ್ಲಿ ಬೇಯಿಸಬೇಕು; ಮನೆಯಲ್ಲಿರುವ ಸಾಮಾನ್ಯ ಅಂಟನ್ನು ನಂಬಿ ಜೀವ ಒತ್ತೆ ಇಡಬೇಡಿ. ನನ್ನ ಕೈಯಿಂದಲೇ ಮಾಡುವುದಾದರೆ ರಿವೆಟ್ಟೇ. ನಡುವಿನಿಂದ ಶುರು ಮಾಡಿ ತುದಿಗಳ ಕಡೆ ಹೋಗಬೇಕು. ಒಮ್ಮೆ ತುದಿಯಿಂದ ಹೊಡೆದುಬಿಟ್ಟೆ; ಲೈನರ್ ನಡುವೆ ಉಬ್ಬಿ, ಸಂದಿನಲ್ಲಿ ಕಾಗದ ಸಲೀಸಾಗಿ ತೂರಿತು. ಎಲ್ಲ ಕಿತ್ತು ಮತ್ತೆ ಹೊಡೆದೆ. ಲೇತಿಗೆ ಕೊಡುವುದಿದ್ದರೆ ರಿವೆಟ್ ತಲೆ ಇನ್ನಷ್ಟು ಆಳದಲ್ಲಿರಲಿ.

ಧೂಳಿನ ವಿಷಯದಲ್ಲಿ ಮಾತ್ರ ಯಾವ ದಾರಿಗೂ ರಿಯಾಯಿತಿ ಇಲ್ಲ. ಹಳೇ ಲೈನರಿನಲ್ಲಿ ಆಸ್‌ಬೆಸ್ಟಾಸ್ ಇರಬಹುದು. ಗಾಳಿ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಳ್ಳೆಯ ಮಾಸ್ಕ್ ಹಾಕಿ.

ಕೊನೆಗೆ ಚಕ್ರ ಹಾಕುವಾಗ ಬ್ರೇಕ್ ಒತ್ತಿ ಹಿಡಿದುಕೊಂಡೇ ಆಕ್ಸಲ್ ನಟ್ ಬಿಗಿ ಮಾಡಿ. ಪ್ಲೇಟ್ ನಡುವಿಗೆ ಬಂದು ಕೂರುತ್ತದೆ.