ಸ್ಪ್ಲೈನ್‌ಗೆ ಮಾಲಿ ಗ್ರೀಸ್: ನಾಲ್ಕು ವರ್ಷ ಬಳಸಿದ ಮೇಲೆ

ನನ್ನದು ಶಾಫ್ಟ್ ಡ್ರೈವ್ ಬೈಕ್, ಅಂದರೆ ಎಂಜಿನ್ ಬಲ ಹಿಂದಿನ ಚಕ್ರಕ್ಕೆ ಹೋಗುವುದು ತಿರುಗುವ ದಂಡದ ಮೂಲಕ. ಚೈನ್ ಇಲ್ಲವಲ್ಲ, ಹಿಂದಿನ ಚಕ್ರದ ಕಡೆ ಏನೂ ನೋಡಬೇಕಾಗಿಲ್ಲ ಅಂತಲೇ ಅಂದುಕೊಂಡಿದ್ದೆ. ಒಮ್ಮೆ ಟೈರ್ ಬದಲಿಸಲು ಚಕ್ರ ಬಿಚ್ಚಿದಾಗ ಸ್ಪ್ಲೈನ್ (ಡ್ರೈವ್ ಮತ್ತು ಚಕ್ರ ಒಂದರೊಳಗೊಂದು ಕೂರುವ ಹಲ್ಲಿನ ಜೋಡಣೆ) ಹಲ್ಲುಗಳ ಸಂದಿಯಲ್ಲಿ ಕೆಂಪು ಪುಡಿ ಕಂಡಿತು. ಮುಟ್ಟಿದರೆ ಇಟ್ಟಿಗೆ ಪುಡಿಯ ಹಾಗೆ ಬೆರಳಿಗೆ ಹತ್ತಿತು. ಹೊಟ್ಟೆ ಚುರ್ ಅಂದಿತು.

ನೀರು ಬಿದ್ದು ಹಿಡಿದ ತುಕ್ಕು ಅದಲ್ಲ. ಹಲ್ಲುಗಳು ಒತ್ತಿಕೊಂಡೇ ಕೂದಲೆಳೆಯಷ್ಟು ಅಲುಗುತ್ತಾ ಉಜ್ಜಿ, ಸವೆದು ಬಂದು ಗಾಳಿಗೆ ಕೆಂಪಾದ ಕಬ್ಬಿಣದ ಪುಡಿ. ಹಾಕಿದ್ದು ಮಾಮೂಲಿ ಬೇರಿಂಗ್ ಗ್ರೀಸ್. ಬೇರಿಂಗ್‌ನಲ್ಲಿ ಗುಂಡು ಉರುಳುತ್ತದೆ, ಗ್ರೀಸ್ ಮತ್ತೆ ಮತ್ತೆ ಸಿಗುತ್ತಿರುತ್ತದೆ. ಸ್ಪ್ಲೈನ್‌ನಲ್ಲಿ ಒಮ್ಮೆ ಹಿಂಡಿ ಹೊರಗೆ ಹೋದರೆ ಹೋಯಿತು. ಮಾಲಿ, ಅಂದರೆ ಮಾಲಿಬ್ಡಿನಂ ಡೈಸಲ್ಫೈಡ್ ಎಂಬ ಜಾರುವ ಪುಡಿ, ಹಾಗಲ್ಲ. ಪದರ ಪದರವಾಗಿ ಲೋಹಕ್ಕೆ ಹತ್ತಿ, ಗ್ರೀಸ್ ಹೋದರೂ ಉಳಿಯುತ್ತದೆ.

ಕೊಳ್ಳುವಾಗ ಡಬ್ಬಿಯ ಮೇಲೆ ಮಾಲಿ ಅಂತ ಇದ್ದರೆ ಸಾಲದು, ಎಷ್ಟು ಅಂತ ನೋಡಿ. ಸಾಮಾನ್ಯ ಮಾಲಿ ಗ್ರೀಸ್‌ನಲ್ಲಿ ಇರುವುದು 3ರಿಂದ 5 ಶೇಕಡ. ಹೋಂಡಾ ತನ್ನ ಶಾಫ್ಟ್ ಬೈಕ್‌ಗಳಿಗೆ ಹೇಳುತ್ತಿದ್ದ ಮಾಲಿ 60 ಪೇಸ್ಟ್‌ನ ಹೆಸರಿನಲ್ಲೇ ಲೆಕ್ಕ ಇದೆ. ಎಷ್ಟು ವ್ಯತ್ಯಾಸ ಅಲ್ವಾ!

ಮೊದಲು 60 ಶೇಕಡ ಪೇಸ್ಟ್ ಒಂದನ್ನೇ ಬಳಿದೆ. ಸುಮಾರು 11,000 ಕಿ.ಮೀ. ಆದ ಮೇಲೆ ಕೆಂಪು ಪುಡಿ ಇರಲಿಲ್ಲ, ಆದರೆ ಪೇಸ್ಟ್ ಅಂಚಿನಲ್ಲಿ ಒಣಗಿತ್ತು, ಸ್ವಲ್ಪ ಸಿಡಿದು ಹೊರಗೂ ಹೋಗಿತ್ತು. ಅಂಟು ಕಡಿಮೆ. ಅದಕ್ಕೇ ಮಿಶ್ರಣಕ್ಕೆ ಕೈ ಹಾಕಿದೆ. ತೂಕದಲ್ಲಿ ಎರಡು ಪಾಲು ಪೇಸ್ಟ್, ಒಂದು ಪಾಲು 3 ಶೇಕಡ ಮಾಲಿ ಇರುವ, ನೀರಿಗೆ ಜಗ್ಗದ ಜಿಗುಟು ಲಿಥಿಯಂ ಕಾಂಪ್ಲೆಕ್ಸ್ ಗ್ರೀಸ್. ಲೆಕ್ಕ ಹಾಕಿದರೆ 41 ಶೇಕಡ ಮಾಲಿ ಬರುತ್ತದೆ. ಅರ್ಧ ಅರ್ಧ ಮಾಡಿದ್ದರೆ 31.5ಕ್ಕೆ ಇಳಿಯುತ್ತಿತ್ತು, ನನಗೆ ಅದು ಕಡಿಮೆ ಅನ್ನಿಸಿತು.

ಕೈಗೆ ಸಿಕ್ಕಿದ ಗ್ರೀಸ್ ಬೆರೆಸಬೇಡಿ, ಎಣ್ಣೆಯನ್ನು ಗಟ್ಟಿ ಮಾಡುವ ವಸ್ತು ಒಂದೊಂದರಲ್ಲಿ ಒಂದೊಂದು. ಲಿಥಿಯಂ ಜೊತೆ ಪಾಲಿಯೂರಿಯಾ ಅಥವಾ ಜೇಡಿಮಣ್ಣಿನ ಗ್ರೀಸ್ ಸೇರಿದರೆ ಹೆಚ್ಚಾಗಿ ತೆಳ್ಳಗಾಗಿ ಹರಿದುಬಿಡುತ್ತದೆ. ನಾನು ಒಂದು ಚಮಚದಷ್ಟು ಕಲಸಿ ಗಾಜಿನ ಬಾಟಲಿಯಲ್ಲಿ ಎರಡು ದಿನ ಇಟ್ಟೆ. ಎಣ್ಣೆ ಮೇಲೆ ತೇಲಲಿಲ್ಲ, ಆಮೇಲೇ ಬಳಸಿದೆ.

ಹಳೆಯದನ್ನೆಲ್ಲ ತೊಳೆದು, ಗಟ್ಟಿಯಾಗಿದ್ದ ಓ-ರಿಂಗ್ (ರಬ್ಬರ್ ಸೀಲು) ಬದಲಿಸಿ, ಟೂತ್‌ಬ್ರಷ್‌ನಿಂದ ಎರಡೂ ಕಡೆಯ ಹಲ್ಲಿಗೆ ತೆಳ್ಳಗೆ ಉಜ್ಜಿದೆ. ಜಾಸ್ತಿ ತುಂಬಿದರೆ ಪ್ರಯೋಜನವಿಲ್ಲ. ಒಣ ಕ್ಲಚ್ (ಎಣ್ಣೆಯಲ್ಲಿ ಮುಳುಗದೆ ಕೆಲಸ ಮಾಡುವುದು) ಇರುವ ಬೈಕಿನ ಕ್ಲಚ್ ಸ್ಪ್ಲೈನ್‌ಗಂತೂ ಇನ್ನೂ ಕಡಿಮೆ ಸಾಕು, ಸಿಡಿದು ಪ್ಲೇಟಿಗೆ ತಾಗಿದರೆ ಕ್ಲಚ್ ಜಾರುತ್ತದೆ. ಚಕ್ರದ ಬೇರಿಂಗ್‌ಗೆ ಈ ಮಿಶ್ರಣ ಬೇಡವೇ ಬೇಡ.

ಆಮೇಲೆ ಎರಡು ಸಲ ಟೈರ್ ಬದಲಾಗಿದೆ. ಹೋದ ತಿಂಗಳು ಬಿಚ್ಚಿದಾಗ ಮಿಶ್ರಣ ಹಾಕಿದ ಜಾಗದಲ್ಲೇ ಇತ್ತು, ಕಪ್ಪಗೆ, ಮೆತ್ತಗೆ. ಒರೆಸಿ ನೋಡಿದೆ. ಹಲ್ಲುಗಳ ತುದಿ ಚಪ್ಪಟೆಯಾಗಿಯೇ ಇದೆ, ಸವೆದು ಚೂಪಾಗಿಲ್ಲ. ಬಟ್ಟೆಯಲ್ಲಿ ಎಲ್ಲೂ ಕೆಂಪು ಇರಲಿಲ್ಲ.